ದ್ರಾಕ್ಷಿ ಕಡ್ಡಿಯಿಂದ ಸೂಪರ್‌ಕೆಪಾಸಿಟರ್‌ವರೆಗೆ: ಹಗುರ ನ್ಯಾನೊ ಇಂಗಾಲದ ಎಲೆಕ್ಟ್ರೋಡ್ ತಯಾರಿಸುವ ಸಮಗ್ರ ಮಾರ್ಗದರ್ಶಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ (ಬಳ್ಳಿಯ ಕಡ್ಡಿ ಸವರುವ ಕೆಲಸ) ನಡೆಯುತ್ತದೆ: ಏಪ್ರಿಲ್ ಆಸುಪಾಸಿನಲ್ಲಿ ಒಮ್ಮೆ, ಅಕ್ಟೋಬರ್ ಆಸುಪಾಸಿನಲ್ಲಿ ಇನ್ನೊಮ್ಮೆ. ಆಗ ಕತ್ತರಿಸಿ ಬೀಳಿಸಿದ ಕಡ್ಡಿಗಳು ಬದುವಿನ ಮೇಲೆ ರಾಶಿಯಾಗಿ ಬೀಳುತ್ತವೆ, ಎಷ್ಟೋ ಕಡೆ ಅಲ್ಲಿಯೇ ಸುಟ್ಟುಹೋಗುತ್ತವೆ. ಆ ಕಡ್ಡಿಯನ್ನು ಸಕ್ರಿಯ ಇಂಗಾಲವಾಗಿಸಿ (ಅಂದರೆ ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವ ಇಂಗಾಲವಾಗಿಸಿ), ಕಾರ್ಬನ್ ನ್ಯಾನೊಟ್ಯೂಬಿನ ಬಲೆಯಲ್ಲಿ ಹಿಡಿದು, ಲೋಹದ ಆಸರೆಯಿಲ್ಲದೆ ತಾನೇ ನಿಲ್ಲುವ ತೆಳು ಹಾಳೆಯ ರೂಪದಲ್ಲಿ ಎಲೆಕ್ಟ್ರೋಡ್ ಮಾಡುವ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಇಂಜಿನಿಯರಿಂಗ್ ಮತ್ತು ಎಂ.ಎಸ್ಸಿ. ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗೆ ಇದನ್ನು ಕೈಗೆತ್ತಿಕೊಳ್ಳಬಹುದು. ಸಾಮಗ್ರಿ ಕೈಯಲ್ಲಿದ್ದರೆ ಎರಡು-ಮೂರು ವಾರದ ಕೆಲಸ.

ಪಠ್ಯಪುಸ್ತಕಗಳು ವಿದ್ಯುದ್ವಾರ ಎನ್ನುವುದನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಎಲೆಕ್ಟ್ರೋಡ್ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಕೆಲಸಕ್ಕೆ ಮುನ್ನ ತಿಳಿದಿರಬೇಕಾದದ್ದು

ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಶಕ್ತಿ ಕೂಡಿಡಲ್ಪಡುತ್ತದೆ. ಸೂಪರ್‌ಕೆಪಾಸಿಟರಿನಲ್ಲಿ ಇಂಗಾಲದ ಮೇಲ್ಮೈಗೆ ಅಯಾನುಗಳು ಬಂದು ಅಂಟಿ ನಿಲ್ಲುತ್ತವೆ, ಅಷ್ಟೇ. ಒಂದು ಬದಿಯಲ್ಲಿ ಇಂಗಾಲದೊಳಗಿನ ವಿದ್ಯುದಂಶ, ಇನ್ನೊಂದು ಬದಿಯಲ್ಲಿ ದ್ರಾವಣದೊಳಗಿನ ಅಯಾನು, ನಡುವೆ ಒಂದು ನ್ಯಾನೊಮೀಟರಿಗಿಂತ ಕಡಿಮೆ ಅಂತರ. ಈ ಇಮ್ಮಡಿ ಪದರದ ಕಲ್ಪನೆಯನ್ನು 19ನೆಯ ಶತಮಾನದಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಮುಂದಿಟ್ಟರು; ರಂಧ್ರಮಯ ಇಂಗಾಲದಿಂದ ಇಂಥ ಧಾರಕ (ಕೆಪಾಸಿಟರ್) ಮಾಡುವ ಪೇಟೆಂಟು ಜನರಲ್ ಎಲೆಕ್ಟ್ರಿಕ್ ಕಂಪನಿಯ ಬೆಕರ್ ಅವರಿಗೆ 1957ರಲ್ಲಿ ದೊರೆಯಿತು.

ಇಂಗಾಲದ ಒಂದು ಚದರ ಸೆಂಟಿಮೀಟರ್ ಮೇಲ್ಮೈ ಸುಮಾರು 10 ಮೈಕ್ರೊಫ್ಯಾರಡ್ ಧಾರಕತೆ (ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ) ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಗ್ರಾಂ ಇಂಗಾಲದಲ್ಲಿ 1000 ಚದರ ಮೀಟರ್, ಅಂದರೆ ಒಂದು ಕೋಟಿ ಚದರ ಸೆಂಟಿಮೀಟರ್ ಮೇಲ್ಮೈ ಇದ್ದರೆ ಗ್ರಾಂಗೆ 100 ಫ್ಯಾರಡ್ ಆಗುತ್ತದೆ. ಒಳ್ಳೆಯ ಸಕ್ರಿಯ ಇಂಗಾಲದಿಂದ ವಾಸ್ತವವಾಗಿ ಸಿಗುವುದೂ 100ರಿಂದ 200ರ ನಡುವಿನ ಸಂಖ್ಯೆಯೇ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನಿಗೆ ಗ್ರಾಂಗೆ 2630 ಚದರ ಮೀಟರ್ ಎಂಬ ಸೈದ್ಧಾಂತಿಕ ಮೇಲ್ಮೈ ಇದೆ, ನಿಜ. ಆದರೆ ಒಣಗಿಸುವಾಗ ಅದರ ಪದರಗಳು ಒಂದರ ಮೇಲೊಂದು ಕೂತು ಆ ಮೇಲ್ಮೈಯ ದೊಡ್ಡ ಪಾಲು ಮುಚ್ಚಿಹೋಗುತ್ತದೆ. ಹಾಗಾಗಿ ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುವುದು ರಂಧ್ರಮಯ ಇಂಗಾಲವನ್ನೇ.

ಇನ್ನು ಹಗುರತನದ ಮಾತು. ಪ್ರಾಜೆಕ್ಟ್ ವರದಿಗಳಲ್ಲಿ ಗ್ರಾಂಗೆ ಇಷ್ಟು ಫ್ಯಾರಡ್ ಎಂಬ ಸಂಖ್ಯೆ ಎದ್ದು ಕಾಣುತ್ತದೆ. ಆ ಗ್ರಾಂ ಯಾವುದರದ್ದು ಎಂಬುದು ಮಾತ್ರ ಅನೇಕ ಸಲ ಮರೆಯಲ್ಲಿ ಉಳಿಯುತ್ತದೆ. ಬಳಿದ ಪುಡಿಯ ತೂಕ ಚದರ ಸೆಂಟಿಮೀಟರಿಗೆ ಒಂದೇ ಮಿಲಿಗ್ರಾಂ ಇದ್ದು, ಅದನ್ನು ಹೊತ್ತ ಲೋಹದ ತಗಡು ಅದರ ಎಪ್ಪತ್ತು-ಎಂಬತ್ತು ಪಟ್ಟು ಭಾರವಿದ್ದರೆ ಹಗುರ ಎಂಬ ಮಾತಿಗೆ ಅರ್ಥವಿಲ್ಲ. 0.1 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಚದರ ಸೆಂಟಿಮೀಟರಿಗೆ ಸುಮಾರು 79 ಮಿಲಿಗ್ರಾಂ ತೂಗುತ್ತದೆ, 0.2 ಮಿಲಿಮೀಟರ್ ದಪ್ಪದ ಬಾಗುವ ಗ್ರಾಫೈಟ್ ಹಾಳೆ ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಕಾರ್ಬನ್ ಬಟ್ಟೆಯದು ಸಾಮಾನ್ಯವಾಗಿ 12 ಮಿಲಿಗ್ರಾಂ ಆಸುಪಾಸು. 20 ಮೈಕ್ರೊಮೀಟರ್ ಅಲ್ಯೂಮಿನಿಯಂ ಹಾಳೆ ಕೇವಲ 5.4 ಮಿಲಿಗ್ರಾಂ, ಆದರೆ ಅದು ಕ್ಷಾರೀಯ ಮತ್ತು ಆಮ್ಲೀಯ ದ್ರಾವಣಗಳಲ್ಲಿ ಕರಗುವುದರಿಂದ ನಮ್ಮ ನೀರಿನ ದ್ರಾವಣದ ಕೆಲಸಕ್ಕೆ ನಂಬಲಾಗದು. 2011ರಲ್ಲಿ ಗೊಗೊಟ್ಸಿ ಮತ್ತು ಸಿಮೋನ್ ಎಂಬ ವಿಜ್ಞಾನಿಗಳು ಈ ವಿಷಯವನ್ನು ಬಿಡಿಸಿ ಬರೆದರು: ಮಾರುಕಟ್ಟೆಯ ಸೂಪರ್‌ಕೆಪಾಸಿಟರುಗಳಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10 ಮಿಲಿಗ್ರಾಂ ಇಂಗಾಲ ಇರುತ್ತದೆ, ತೀರ ತೆಳು ಪದರದಿಂದ ಬಂದ ಸಂಖ್ಯೆಯನ್ನು ಇಡೀ ಸಾಧನಕ್ಕೆ ಹೊಂದಿಸಿ ಹೇಳುವಂತಿಲ್ಲ. ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ತಕ್ಕಡಿ ಬರುವುದು ಈ ಕಾರಣಕ್ಕೆ.

ಮೊದಲ ಹಂತ: ಕಚ್ಚಾವಸ್ತುವಿನ ಆಯ್ಕೆ ಮತ್ತು ತೊಳೆಯುವಿಕೆ

ದ್ರಾಕ್ಷಿ ಕಡ್ಡಿಯೇ ಏಕೆ ಎಂದು ಕೇಳಬಹುದು. ಬಿಳಿಜೋಳದ ಕಣಿಕೆ ದನಗಳ ಮೇವು. ಬರ ಬಿದ್ದ ವರ್ಷ ಅದರ ಬೆಲೆ ಏನಿರುತ್ತದೆ ಎಂಬುದು ನಮ್ಮ ಭಾಗದವರಿಗೆ ಗೊತ್ತೇ ಇದೆ, ಆದ್ದರಿಂದ ಅದನ್ನು ಕುಲುಮೆಗೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳು ಬಾಯ್ಲರಿಗೆ ಬಳಸಿ ವಿದ್ಯುತ್ ತಯಾರಿಸುತ್ತವೆ. ಮುಧೋಳ, ಜಮಖಂಡಿ, ಅಥಣಿ ಕಡೆ ಹೊಲದಲ್ಲಿ ಉಳಿಯುವ ಕಬ್ಬಿನ ರವದಿ (ಒಣ ಸೋಗೆ) ಬಳಸಲು ಯೋಗ್ಯವೇ, ಆದರೆ ಅದರಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದನ್ನು ತೆಗೆಯುವ ಹೆಚ್ಚುವರಿ ಕೆಲಸ ಬೀಳುತ್ತದೆ. ಕಾಳು ಬಿಡಿಸಿದ ಗೋವಿನಜೋಳದ ದಿಂಡಿನಲ್ಲಿ ಬೂದಿಯ ಅಂಶ ಕಡಿಮೆ. ದ್ರಾಕ್ಷಿ ಕಡ್ಡಿ ಸಿಗದವರು ಅದನ್ನು ಬಳಸಲಿ, ಮುಂದಿನ ಹಂತಗಳು ಬದಲಾಗುವುದಿಲ್ಲ.

ದ್ರಾಕ್ಷಿ ಕಡ್ಡಿಗೆ ಮಾತ್ರ ಒಂದು ವಿಶೇಷ ತೊಡಕಿದೆ. ರೋಗ ಹತೋಟಿಗೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಇರುತ್ತವೆ. ಆ ತಾಮ್ರ ತೊಗಟೆಯ ಸಂದಿಗಳಲ್ಲಿ ಉಳಿದಿರುತ್ತದೆ. ನಾವು ಮೊದಲ ಸಲ ಕೆಲಸ ಮಾಡಿದಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಳತೆಯ ವಕ್ರರೇಖೆಯಲ್ಲಿ ಒಂದು ಉಬ್ಬು ಕಾಣಿಸಿತು, ಧಾರಕತೆಯ ಸಂಖ್ಯೆ ಏರಿತು, ವಿದ್ಯಾರ್ಥಿಗಳು ಸಂತೋಷಪಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಚಾರ್ಜ್ ಮಾಡಿಟ್ಟ ಕೋಶ (ಸೆಲ್) ಪೂರ್ತಿ ಬರಿದಾಗಿತ್ತು. ಆ ಉಬ್ಬು ಇಂಗಾಲದ್ದಲ್ಲ, ಧನ ಎಲೆಕ್ಟ್ರೋಡಿನಲ್ಲಿ ಕರಗಿ ಋಣ ಎಲೆಕ್ಟ್ರೋಡಿನ ಮೇಲೆ ಕೂರುತ್ತಿದ್ದ ತಾಮ್ರದ್ದು. ಆಮೇಲೆ ಆ ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೂ ತಾಮ್ರ ಹೋಗಲಿಲ್ಲ, ಏಕೆಂದರೆ ಕುಲುಮೆಯಲ್ಲಿ ಇಂಗಾಲದ ಜೊತೆ ಕಾದ ತಾಮ್ರದ ಸಂಯುಕ್ತಗಳು ಅಪಕರ್ಷಣಗೊಂಡು ಲೋಹವೇ ಆಗಿಬಿಡುತ್ತವೆ, ಮತ್ತು ಲೋಹ ರೂಪದ ತಾಮ್ರವನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಕರಗಿಸುವುದಿಲ್ಲ. ತೊಳೆಯುವುದಾದರೆ ಸುಡುವ ಮೊದಲೇ ತೊಳೆಯಬೇಕು.

ಕ್ರಮ ಹೀಗಿದೆ. ಬಲಿತ ಕಡ್ಡಿಗಳನ್ನು ಆರಿಸಿ, ತೊಗಟೆಯನ್ನು ಕೈಯಿಂದಲೇ ಸುಲಿದು ಬಿಸಾಡಿ, ಒಂದು ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿ, ನಾಲ್ಕೈದು ದಿನ ಬಿಸಿಲಿನಲ್ಲಿ ಒಣಗಿಸಿರಿ. 100 ಗ್ರಾಂ ತುಂಡುಗಳನ್ನು ಒಂದು ಲೀಟರ್ ಅರ್ಧ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿಡಿ. ಸುಣ್ಣದ ಅಂಶವಿದ್ದರೆ ಮೊದಲಿಗೆ ಸಣ್ಣ ಗುಳ್ಳೆಗಳು ಏಳುತ್ತವೆ. ಬೆಳಿಗ್ಗೆ ಆ ದ್ರಾವಣದಿಂದ 5 ಮಿಲಿಲೀಟರ್ ತೆಗೆದು ಅಮೋನಿಯ ದ್ರಾವಣವನ್ನು ವಾಸನೆ ಬರುವವರೆಗೆ ಬೆರೆಸಿರಿ. ನೀಲಿ ಬಣ್ಣ ಬಂದರೆ ತಾಮ್ರವಿದೆ ಎಂದರ್ಥ. ಪಿಯುಸಿಯ ಲವಣ ವಿಶ್ಲೇಷಣೆಯಲ್ಲಿ ಎಲ್ಲರೂ ಮಾಡಿರುವ ಪರೀಕ್ಷೆಯೇ ಇದು. ಹೊಸ ಆಮ್ಲ ಹಾಕಿ ಮತ್ತೆ ನೆನೆಸಿ, ಬಣ್ಣ ಬರುವುದು ನಿಲ್ಲುವವರೆಗೂ ಹೀಗೆಯೇ ಮುಂದುವರಿಸಿರಿ. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿರಿ. ನಮ್ಮ ಕೊಳವೆಬಾವಿಗಳ ಗಡಸು ನೀರನ್ನು ಯಾವ ಹಂತದಲ್ಲೂ ಬಳಸಬೇಡಿ. ಆಮ್ಲದಿಂದ ತೆಗೆದುಹಾಕಿದ ಕ್ಯಾಲ್ಸಿಯಂ ಆ ನೀರಿನ ಮೂಲಕ ಮರಳಿ ಒಳಸೇರುತ್ತದೆ.

ಎರಡನೆಯ ಹಂತ: ಇದ್ದಿಲು ಮಾಡುವುದು

ಒಣಗಿದ ತುಂಡುಗಳನ್ನು ಮುಚ್ಚಳವಿರುವ ಮೂಸೆಯಲ್ಲಿ ಒತ್ತಿ ತುಂಬಿ, ನೈಟ್ರೋಜನ್ ಹರಿಯುವ ಕೊಳವೆ ಕುಲುಮೆಯಲ್ಲಿ ನಿಮಿಷಕ್ಕೆ 5 ಡಿಗ್ರಿಯಂತೆ 500 ಡಿಗ್ರಿಗೆ ಏರಿಸಿ, ಒಂದು ಗಂಟೆ ಅಲ್ಲಿಯೇ ಇಟ್ಟು ತಾನಾಗಿ ಆರಲು ಬಿಡಿ. ಹೊರಬರುವ ಹೊಗೆಯಲ್ಲಿ ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಕುಲುಮೆಯ ನಿರ್ಗಮ ಕೊಳವೆ ಪ್ರಯೋಗಾಲಯದ ಹೊಗೆಗೂಡಿನೊಳಗೆ (ಫ್ಯೂಮ್ ಹುಡ್) ತೆರೆದುಕೊಂಡಿರಲೇಬೇಕು. 100 ಗ್ರಾಂ ಕಡ್ಡಿಗೆ ಸುಮಾರು 30 ಗ್ರಾಂ ಇದ್ದಿಲು ಸಿಗುತ್ತದೆ. ತೂಕ ಬರೆದಿಟ್ಟುಕೊಂಡು, ಅರೆದು, ಸಾಣಿಸಿರಿ.

ಮೂರನೆಯ ಹಂತ: ರಂಧ್ರ ತೆರೆಯುವುದು

ಇದ್ದಿಲಿಗೆ ರಂಧ್ರಗಳಿರುತ್ತವೆಯಾದರೂ ಹೆಚ್ಚಿನವು ಟಾರಿನಿಂದ ಕಟ್ಟಿಹೋಗಿರುತ್ತವೆ. ಅವುಗಳನ್ನು ತೆರೆದು, ಎರಡು ನ್ಯಾನೊಮೀಟರಿಗಿಂತ ಕಿರಿದಾದ ಅಸಂಖ್ಯ ಹೊಸ ರಂಧ್ರಗಳನ್ನು ಕೊರೆಯುವುದೇ ಸಕ್ರಿಯಗೊಳಿಸುವಿಕೆ. ಇಂಗಾಲ ನ್ಯಾನೊ ವಸ್ತುವಾಗುವುದು ಈ ಹಂತದಲ್ಲಿ.

ಪ್ರಕಟಿತ ಕೆಲಸಗಳಲ್ಲಿ ಹೆಚ್ಚಾಗಿ ಕಾಣುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಪರಿಣಾಮಕಾರಿ, ಆದರೆ ತೀವ್ರ ದಾಹಕ. ಬಿಸಿಯಾದಾಗ ಗಾಜು, ಕ್ವಾರ್ಟ್ಸ್, ಅಲ್ಯೂಮಿನಾ ಎಲ್ಲವನ್ನೂ ತಿನ್ನುತ್ತದೆ. ವಿದ್ಯಾರ್ಥಿಗಳ ಕೈಗೆ ನಾನು ಕೊಡುವುದು ಪೊಟ್ಯಾಸಿಯಂ ಕಾರ್ಬೊನೇಟನ್ನು. ಮೇಲ್ಮೈ ಸ್ವಲ್ಪ ಕಡಿಮೆ ಬಂದೀತು, ಆದರೆ ಕಣ್ಣು ಕೈ ಸುರಕ್ಷಿತವಾಗಿರುತ್ತವೆ. 5 ಗ್ರಾಂ ಇದ್ದಿಲಿಗೆ 10 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟನ್ನು 20 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಬೆರೆಸಿ, 110 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ, ನಿಕ್ಕಲ್ ಮೂಸೆಯಲ್ಲಿ ಹಾಕಿ, ನೈಟ್ರೋಜನ್ ಪ್ರವಾಹದಲ್ಲಿ ನಿಮಿಷಕ್ಕೆ 5 ಡಿಗ್ರಿಯಂತೆ 800 ಡಿಗ್ರಿಗೆ ಏರಿಸಿ ಒಂದು ಗಂಟೆ ಇರಿಸಿರಿ. ಈ ಉಷ್ಣತೆಯಲ್ಲಿ ಕಾರ್ಬೊನೇಟು ಇಂಗಾಲದೊಡನೆ ವರ್ತಿಸಿ ಪೊಟ್ಯಾಸಿಯಂ ಲೋಹವನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಕೊಡುತ್ತದೆ. ಹಾಗೆ ತಿಂದುಹೋದ ಇಂಗಾಲದ ಜಾಗವೇ ರಂಧ್ರ.

ಪೊಟ್ಯಾಸಿಯಂ ಲೋಹ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಕುಲುಮೆ ಕೋಣೆಯ ಉಷ್ಣತೆಗೆ ಇಳಿಯುವವರೆಗೆ ನೈಟ್ರೋಜನ್ ನಿಲ್ಲಿಸಬಾರದು. ಬಿಸಿಯಿರುವಾಗ ತೆರೆದರೆ ಬೆಂಕಿ ಹತ್ತಬಹುದು. ತಣ್ಣಗಾದ ಮೇಲೂ ಒಮ್ಮೆಲೇ ನೀರು ಸುರಿಯದೆ, ಹೊಗೆಗೂಡಿನಲ್ಲಿ ಇಟ್ಟು ಮೊದಲು ಕೆಲವು ಹನಿ ಈಥೈಲ್ ಆಲ್ಕೊಹಾಲ್ ಬಿಟ್ಟು, ಸದ್ದು ಅಡಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸಬೇಕು. ಒಂದು ಸಲಕ್ಕೆ 5 ಗ್ರಾಂ ಇದ್ದಿಲು ಎಂಬ ಮಿತಿಯನ್ನು ದಾಟಬೇಡಿ. ಕನ್ನಡಕ ಮತ್ತು ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ.

ಆನಂತರ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ಗಂಟೆ ಕಲಕಿ, ಸೋಸಿ, ಬಿಸಿ ಡಿಸ್ಟಿಲ್ಡ್ ನೀರಿನಿಂದ ಮತ್ತೆ ಮತ್ತೆ ತೊಳೆಯಿರಿ. ಸೋಸಿ ಬಂದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಬಿಳಿ ಬಣ್ಣ ಮೂಡದಿದ್ದರೆ ಕ್ಲೋರೈಡ್ ಹೋಗಿದೆ ಎಂದರ್ಥ. 110 ಡಿಗ್ರಿಯಲ್ಲಿ 12 ಗಂಟೆ ಒಣಗಿಸಿ ತೂಗಿರಿ. 5 ಗ್ರಾಂ ಇದ್ದಿಲಿನಲ್ಲಿ ಅರ್ಧದಷ್ಟು ಉಳಿದರೂ ಸಮಾಧಾನಪಡಬೇಕು.

ಮೇಲ್ಮೈ ಎಷ್ಟು ಎಂದು ತಿಳಿಯಲು ನೈಟ್ರೋಜನ್ ಅಧಿಶೋಷಣೆಯ ಉಪಕರಣ ಬೇಕು. ಅದು ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ. ವಿಶ್ವವಿದ್ಯಾಲಯಗಳ ಉಪಕರಣ ಕೇಂದ್ರಗಳಿಗೆ ಮಾದರಿ ಕಳಿಸುವ ಮೊದಲು ಕಾಲೇಜಿನಲ್ಲೇ ಅಯೊಡಿನ್ ಸಂಖ್ಯೆ ನೋಡಿಕೊಳ್ಳಿ. ತೂಗಿದ ಇಂಗಾಲವನ್ನು ಶೇಕಡ 5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ನಿಮಿಷ ಕುದಿಸಿ, ಆರಿಸಿ, 0.1 ನಾರ್ಮಲ್ ಅಯೊಡಿನ್ ದ್ರಾವಣ ಬೆರೆಸಿ ಅರ್ಧ ನಿಮಿಷ ಜೋರಾಗಿ ಅಲುಗಾಡಿಸಿ, ಸೋಸಿ, ಉಳಿದ ಅಯೊಡಿನನ್ನು ಥಯೊಸಲ್ಫೇಟಿನಿಂದ ಟೈಟ್ರೇಟ್ ಮಾಡಬೇಕು. ಒಂದು ಗ್ರಾಂ ಇಂಗಾಲ ಹೀರಿದ ಅಯೊಡಿನ್ನಿನ ಮಿಲಿಗ್ರಾಂ ಸಂಖ್ಯೆ ಚದರ ಮೀಟರಿನಲ್ಲಿ ಹೇಳುವ ಮೇಲ್ಮೈಗೆ ಸ್ಥೂಲವಾಗಿ ಹತ್ತಿರವಿರುತ್ತದೆ. 800ಕ್ಕಿಂತ ಕಡಿಮೆ ಬಂದರೆ ಮುಂದಿನ ಹಂತಕ್ಕೆ ಹೋಗದೆ ಸಕ್ರಿಯಗೊಳಿಸುವಿಕೆಯನ್ನೇ ಮತ್ತೊಮ್ಮೆ ಮಾಡುವುದು ಲೇಸು.

ಕೊಳವೆ ಕುಲುಮೆಯೇ ಇಲ್ಲದ ಕಾಲೇಜಿನವರು ತೆಂಗಿನ ಚಿಪ್ಪಿನ ಸಕ್ರಿಯ ಇಂಗಾಲವನ್ನು ಕೊಂಡು ಇಲ್ಲಿಂದ ಮುಂದೆ ಆರಂಭಿಸಬಹುದು. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ಏಕೆಂದರೆ ಹಗುರ ಎಲೆಕ್ಟ್ರೋಡಿನ ನಿಜವಾದ ಕುಶಲತೆ ಇರುವುದು ಮುಂದಿನ ಹಂತದಲ್ಲಿ.

ನಾಲ್ಕನೆಯ ಹಂತ: ಆಸರೆಯಿಲ್ಲದ ಹಾಳೆ

ರೂಢಿಯ ಕ್ರಮದಲ್ಲಿ ಇಂಗಾಲದ ಪುಡಿಗೆ ಅಂಟು ಬೆರೆಸಿ ಲೋಹದ ಹಾಳೆಗೆ ಬಳಿಯುತ್ತಾರೆ. ಅಂಟು ವಿದ್ಯುತ್ ಹರಿಸುವುದಿಲ್ಲ, ರಂಧ್ರಗಳನ್ನೂ ಮುಚ್ಚುತ್ತದೆ. ಬಹುಭಿತ್ತಿ ಕಾರ್ಬನ್ ನ್ಯಾನೊಟ್ಯೂಬುಗಳು ಅಂಟಿನ ಕೆಲಸವನ್ನೂ ತಂತಿಯ ಕೆಲಸವನ್ನೂ ಒಟ್ಟಿಗೆ ಮಾಡಬಲ್ಲವು: ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ನೂಲಿನಂತೆ ಇಂಗಾಲದ ಕಣಗಳನ್ನು ಹಿಡಿದಿಡುತ್ತವೆ. ಅವುಗಳ ಸ್ವಂತ ಧಾರಕತೆ ಕಡಿಮೆ, ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಹಾಕಿದರೆ ಸತ್ತ ತೂಕವನ್ನೇ ಸೇರಿಸಿದಂತಾಗುತ್ತದೆ.

ಮೊದಲಿಗೆ ಇಂಗಾಲವನ್ನು ಮತ್ತಷ್ಟು ನುಣ್ಣಗೆ ಅರೆದು 45 ಮೈಕ್ರೊಮೀಟರ್ ಜರಡಿಯಲ್ಲಿ ಹಾಯಿಸಿರಿ. ಬಾಲ್ ಮಿಲ್ ಇದ್ದರೆ ಇನ್ನೂ ನುಣುಪಾಗಿಸಿರಿ. 10 ಮಿಲಿಗ್ರಾಂ ನ್ಯಾನೊಟ್ಯೂಬನ್ನು 50 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಾಕಿ, ಸಾನಿಕೇಟರಿನ (ಶ್ರವಣಾತೀತ ತರಂಗಗಳಿಂದ ಕಣಗಳನ್ನು ಬಿಡಿಸುವ ಯಂತ್ರ) ತೊಟ್ಟಿಯಲ್ಲಿ ಮಂಜುಗಡ್ಡೆ ಇಟ್ಟು 45 ನಿಮಿಷ ನಡೆಸಿರಿ. ಗಂಟು ಗಂಟಾಗಿ ಕಾಣುತ್ತಿದ್ದ ದ್ರವ ಮಸಿಯಂತೆ ಏಕರೂಪವಾಗಬೇಕು. ಅದಕ್ಕೆ 50 ಮಿಲಿಗ್ರಾಂ ಇಂಗಾಲ ಸೇರಿಸಿ ಇನ್ನೂ 15 ನಿಮಿಷ ನಡೆಸಿರಿ. ಒಣ ನ್ಯಾನೊಟ್ಯೂಬಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ತೂಗುವಾಗ ಮುಖಗವಸು ಹಾಕಿ, ಫ್ಯಾನ್ ಆರಿಸಿ, ತೂಗಿದ ಕೂಡಲೇ ದ್ರವದಲ್ಲಿ ಮುಳುಗಿಸಿಬಿಡಬೇಕು. ಚೆಲ್ಲಿದರೆ ಒದ್ದೆ ಬಟ್ಟೆಯಿಂದ ಒರೆಸಬೇಕೇ ಹೊರತು ಗುಡಿಸಬಾರದು.

ಈ ದ್ರವವನ್ನು 0.45 ಮೈಕ್ರೊಮೀಟರ್ ರಂಧ್ರದ ನೈಲಾನ್ ಪೊರೆಯ ಮೇಲೆ ನಿರ್ವಾತದಲ್ಲಿ ಸೋಸಿರಿ. ನಲ್ಲಿಯ ನೀರು ಹರಿಸಿ ನಿರ್ವಾತ ಉಂಟುಮಾಡುವ ಆಸ್ಪಿರೇಟರ್ ಅನೇಕ ಪ್ರಯೋಗಾಲಯಗಳಲ್ಲಿ ಇದೆ. ನಮ್ಮ ಭಾಗದ ಬೇಸಿಗೆಯಲ್ಲಿ ಒಂದು ಹಾಳೆಗಾಗಿ ಅಷ್ಟು ನೀರು ಚರಂಡಿಗೆ ಬಿಡುವುದು ಸರಿಯಲ್ಲ, ಸಣ್ಣ ಡಯಾಫ್ರಾಮ್ ಪಂಪು ಬಳಸಿರಿ. ಸೋಸುವ ಜಾಗದ ವಿಸ್ತೀರ್ಣ 10 ಚದರ ಸೆಂಟಿಮೀಟರ್ ಇದ್ದರೆ 60 ಮಿಲಿಗ್ರಾಂ ವಸ್ತು ಚದರ ಸೆಂಟಿಮೀಟರಿಗೆ 6 ಮಿಲಿಗ್ರಾಂ ಆಗಿ ಹರಡಿಕೊಳ್ಳುತ್ತದೆ. ನಿಮ್ಮ ಫನೆಲಿನ ವಿಸ್ತೀರ್ಣವನ್ನು ಅಳೆದು ಪ್ರಮಾಣ ಹೊಂದಿಸಿಕೊಳ್ಳಿ.

ಒಣಗಿಸುವುದರಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಮಾರ್ಚಿನಿಂದ ಮೇ ತಿಂಗಳವರೆಗೆ ನಮ್ಮ ಗಾಳಿ ಎಷ್ಟು ಒಣಗಿರುತ್ತದೆಂದರೆ ಆಲ್ಕೊಹಾಲು ಕ್ಷಣಾರ್ಧದಲ್ಲಿ ಆರಿ, ಹಾಳೆ ಎರೆಹೊಲದಂತೆ ಬಿರುಕು ಬಿಡುತ್ತದೆ. ಸೋಸುವಿಕೆ ಮುಗಿಯುತ್ತಿದ್ದಂತೆ ಫನೆಲಿನ ಬಾಯಿಗೆ ಪೆಟ್ರಿ ತಟ್ಟೆ ಮುಚ್ಚಿರಿ. ಹಾಳೆ ಹೊಳಪು ಕಳೆದುಕೊಂಡ ಮೇಲೆ ಪೊರೆಯ ಸಮೇತ ತೆಗೆದು, ಎರಡು ಸೋಸುಕಾಗದಗಳ ನಡುವೆ ಇಟ್ಟು, ಮೇಲೆ ಅರ್ಧ ಕಿಲೋ ಭಾರ ಹೇರಿ 60 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೊರೆಯನ್ನು ಬಾಗಿಸಿದರೆ ಕಪ್ಪು ಹಾಳೆ ಅಂಚಿನಿಂದ ಎದ್ದುಬರುತ್ತದೆ. ಬಿರುಕು ಬಿಟ್ಟರೆ ಇಂಗಾಲವನ್ನು ಇನ್ನಷ್ಟು ನುಣ್ಣಗೆ ಮಾಡಿ ನೋಡಿ; ಅದಕ್ಕೂ ಬಗ್ಗದಿದ್ದರೆ ಮಾತ್ರ ನ್ಯಾನೊಟ್ಯೂಬನ್ನು 12 ಮಿಲಿಗ್ರಾಂಗೆ ಏರಿಸಿರಿ.

ಚರ್ಮಕ್ಕೆ ತೂತು ಹಾಕುವ 12 ಮಿಲಿಮೀಟರ್ ಪಂಚಿನಿಂದ ಈ ಹಾಳೆಯಲ್ಲಿ ನಾಲ್ಕೈದು ಬಿಲ್ಲೆಗಳು ಸಿಗುತ್ತವೆ. ಅವುಗಳನ್ನು 110 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ ಆರಿಸಿ, ಹೊರತೆಗೆದ ಕೂಡಲೇ ತೂಗಿರಿ. ಸಕ್ರಿಯ ಇಂಗಾಲ ನೋಡನೋಡುತ್ತಿದ್ದಂತೆ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ತಕ್ಕಡಿಯ ಅಂಕಿ ಏರುತ್ತಾ ಹೋಗುವುದನ್ನು ಕಣ್ಣಾರೆ ಕಾಣಬಹುದು. ಕೂಲರ್ ಗಾಳಿ ಬಡಿಯುವ ಜಾಗದಲ್ಲಿ ತಕ್ಕಡಿ ಇಡಬೇಡಿ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು 0.1 ಮಿಲಿಗ್ರಾಂ ತೋರಿಸುವ ತಕ್ಕಡಿ. 6.8 ಮಿಲಿಗ್ರಾಂ ಬಿಲ್ಲೆ ತೂಗುವಾಗ ಅದರಿಂದ ಶೇಕಡ ಒಂದೂವರೆಯಷ್ಟು ತಪ್ಪು ಬರಬಹುದು, ಅದು ಸಹ್ಯ. ಲೋಹದ ಹಾಳೆಗೆ ಬಳಿದ ಒಂದು ಮಿಲಿಗ್ರಾಂ ಪದರವನ್ನು ಮೊದಲು-ಆಮೇಲೆ ತೂಗಿ ಕಳೆಯುವಾಗ ಅದೇ ತಕ್ಕಡಿ ಶೇಕಡ ಹತ್ತಕ್ಕೂ ಮೀರಿದ ತಪ್ಪನ್ನು ಒಳಸೇರಿಸುತ್ತದೆ.

ಐದನೆಯ ಹಂತ: ದ್ರಾವಣ ಮತ್ತು ಕೋಶ

14.2 ಗ್ರಾಂ ನಿರ್ಜಲ ಸೋಡಿಯಂ ಸಲ್ಫೇಟನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತಂದರೆ ಒಂದು ಮೋಲಾರ್ ದ್ರಾವಣ ಸಿದ್ಧ. ಇದು ಕೈಗೆ ಸುರಕ್ಷಿತ, ಅಗ್ಗ. ನೀರು 1.23 ವೋಲ್ಟಿಗೆ ವಿಭಜನೆಯಾಗುತ್ತದೆ ಎಂಬುದು ಸಿದ್ಧಾಂತವಾದರೂ, ತಟಸ್ಥ ದ್ರಾವಣದಲ್ಲಿ ಇಂಗಾಲದ ಎಲೆಕ್ಟ್ರೋಡುಗಳನ್ನು 1.6 ವೋಲ್ಟಿನವರೆಗೂ ನಡೆಸಿದ ಉದಾಹರಣೆಗಳಿವೆ. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 1.0ರಿಂದ 1.6ಕ್ಕೆ ಏರಿದರೆ ಎರಡೂವರೆ ಪಟ್ಟು ಲಾಭ.

ಒಣ ಇಂಗಾಲದ ಹಾಳೆ ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಲ್ಲೆಗಳನ್ನು ದ್ರಾವಣದಲ್ಲಿ ಮುಳುಗಿಸಿ, ಆ ಬೀಕರನ್ನು ನಿರ್ವಾತ ಡೆಸಿಕೇಟರಿನಲ್ಲಿಟ್ಟು ಗುಳ್ಳೆ ನಿಲ್ಲುವವರೆಗೆ ಗಾಳಿ ಎಳೆದು, ನಂತರ ಒಂದು ರಾತ್ರಿ ನೆನೆಯಲು ಬಿಡಿ. ಈ ಕೆಲಸ ಬಿಟ್ಟವರ ಕೋಶದಲ್ಲಿ ಧಾರಕತೆ ದಿನದಿಂದ ದಿನಕ್ಕೆ ತಾನೇ ಏರುತ್ತಾ ಹೋಗುತ್ತದೆ. ಅದು ಸುಧಾರಣೆಯಲ್ಲ, ತಡವಾಗಿ ನೆನೆಯುತ್ತಿರುವುದರ ಗುರುತು.

ಒಂದು ಬಿಲ್ಲೆ, ಅದರ ಮೇಲೆ 14 ಮಿಲಿಮೀಟರ್ ವ್ಯಾಸದ ಸೋಸುಕಾಗದ, ಅದರ ಮೇಲೆ ಇನ್ನೊಂದು ಬಿಲ್ಲೆ: ಈ ಕ್ರಮದಲ್ಲಿ ಜೋಡಿಸಿ, ಪ್ರತಿ ಬಿಲ್ಲೆಯ ಅಂಚಿಗೆ ಮೂರು ಮಿಲಿಮೀಟರ್ ಅಗಲದ ಗ್ರಾಫೈಟ್ ಹಾಳೆಯ ಪಟ್ಟಿ ತಾಗಿಸಿ, ಎರಡು ಅಕ್ರಿಲಿಕ್ ತುಂಡುಗಳ ನಡುವೆ ನಾಲ್ಕು ಸ್ಕ್ರೂಗಳಿಂದ ಸಮನಾಗಿ ಬಿಗಿಯಿರಿ. ಮೊಸಳೆ ಕ್ಲಿಪ್ಪು ಗ್ರಾಫೈಟ್ ಪಟ್ಟಿಯ ಒಣ ತುದಿಯನ್ನು ಮಾತ್ರ ಕಚ್ಚಬೇಕು, ದ್ರಾವಣ ಅಲ್ಲಿಗೆ ಏರಬಾರದು. ಇಡೀ ಜೋಡಣೆಯನ್ನು ಪಾಲಿಥೀನ್ ಚೀಲದೊಳಗೆ ಇಟ್ಟು ಅಂಚು ಮುಚ್ಚಿರಿ. ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ ಸೀಲ್ ಮಾಡುವ ಯಂತ್ರ ಇದಕ್ಕೆ ಸಾಕು. ಹಾಗೆ ಬಿಟ್ಟರೆ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ನೀರು ಆರಿ ಅಂಚಿನಲ್ಲಿ ಉಪ್ಪಿನ ಹರಳು ಕಟ್ಟುತ್ತದೆ.

ಆರನೆಯ ಹಂತ: ಅಳತೆ ಮತ್ತು ಪ್ರಾಮಾಣಿಕ ಲೆಕ್ಕ

ಮೊದಲು ಚಕ್ರೀಯ ವೋಲ್ಟಮೆಟ್ರಿಯನ್ನು (ವೋಲ್ಟೇಜನ್ನು ಒಂದೇ ವೇಗದಲ್ಲಿ ಏರಿಸಿ ಇಳಿಸುತ್ತಾ ವಿದ್ಯುತ್ತನ್ನು ಅಳೆಯುವ ವಿಧಾನ) ಸೆಕೆಂಡಿಗೆ 5ರಿಂದ 100 ಮಿಲಿವೋಲ್ಟಿನವರೆಗೆ ಬೇರೆ ಬೇರೆ ವೇಗದಲ್ಲಿ, 0ಯಿಂದ 1.0 ವೋಲ್ಟಿನ ನಡುವೆ ನಡೆಸಿರಿ. ಆಕೃತಿ ಆಯತದಂತೆ ಕಂಡರೆ ಇಮ್ಮಡಿ ಪದರ ಚೆನ್ನಾಗಿ ಕೆಲಸ ಮಾಡುತ್ತಿದೆ. ಎಲೆಯಂತೆ ವಾಲಿದರೆ ರೋಧ ಹೆಚ್ಚಿದೆ. ಉಬ್ಬು ಕಂಡರೆ ತಾಮ್ರ ನೆನಪಾಗಲಿ. ಬಳಿಕ ಸ್ಥಿರ ವಿದ್ಯುತ್ತಿನಲ್ಲಿ ಚಾರ್ಜ್-ಡಿಸ್ಚಾರ್ಜ್ ಮಾಡಿರಿ.

ಲೆಕ್ಕವನ್ನು ಒಂದು ಉದಾಹರಣೆಯ ಮೂಲಕ ತೋರಿಸುತ್ತೇನೆ. ಪ್ರತಿ ಬಿಲ್ಲೆ 6.8 ಮಿಲಿಗ್ರಾಂ, ವಿದ್ಯುತ್ 6.8 ಮಿಲಿಆಂಪಿಯರ್, 1.0 ವೋಲ್ಟಿನಿಂದ ಡಿಸ್ಚಾರ್ಜ್ ಆರಂಭಿಸಿದಾಗ ಮೊದಲ ಕ್ಷಣದಲ್ಲಿ 0.04 ವೋಲ್ಟ್ ಧುತ್ತನೆ ಕುಸಿದು, ಉಳಿದ 0.96 ವೋಲ್ಟ್ ಇಳಿಯಲು 56 ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ವಿದ್ಯುತ್ತನ್ನು ಸಮಯದಿಂದ ಗುಣಿಸಿ 0.96ರಿಂದ ಭಾಗಿಸಿದರೆ ಕೋಶದ ಧಾರಕತೆ ಸುಮಾರು 0.397 ಫ್ಯಾರಡ್. ಎರಡು ಎಲೆಕ್ಟ್ರೋಡುಗಳು ಸರಣಿಯಲ್ಲಿರುವುದರಿಂದ ಒಂದೊಂದರ ಧಾರಕತೆ ಇದರ ಇಮ್ಮಡಿ; ಅದನ್ನು ಒಂದು ಬಿಲ್ಲೆಯ ತೂಕದಿಂದ ಭಾಗಿಸಿದರೆ ಗ್ರಾಂಗೆ ಸುಮಾರು 117 ಫ್ಯಾರಡ್. ಕೋಶದ ಧಾರಕತೆಯನ್ನು ಎರಡೂ ಬಿಲ್ಲೆಗಳ ತೂಕದಿಂದ ಭಾಗಿಸಿದರೆ ಬರುವುದು ಕೇವಲ 29. ಈ ಎರಡು ಸಂಖ್ಯೆಗಳ ನಡುವೆ ನಾಲ್ಕು ಪಟ್ಟು ಅಂತರವಿರುವುದರಿಂದ ಯಾವುದನ್ನು ಬರೆಯುತ್ತಿದ್ದೀರಿ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಆಂತರಿಕ ರೋಧ ತಿಳಿಯಲು 0.04ನ್ನು ವಿದ್ಯುತ್ತಿನ ಎರಡರಷ್ಟರಿಂದ ಭಾಗಿಸಬೇಕು, ಏಕೆಂದರೆ ಚಾರ್ಜಿನಿಂದ ಡಿಸ್ಚಾರ್ಜಿಗೆ ತಿರುಗುವಾಗ ವಿದ್ಯುತ್ತಿನ ಬದಲಾವಣೆ ಇಮ್ಮಡಿಯಾಗಿರುತ್ತದೆ. ಉತ್ತರ ಸುಮಾರು 2.9 ಓಮ್.

ಈಗ ಶಕ್ತಿ. ಧಾರಕತೆಯ ಅರ್ಧವನ್ನು 0.96ರ ವರ್ಗದಿಂದ ಗುಣಿಸಿದರೆ 0.183 ಜೂಲ್. ಎರಡು ಬಿಲ್ಲೆಗಳ 13.6 ಮಿಲಿಗ್ರಾಂಗೆ ಮಾತ್ರ ಹೊಂದಿಸಿದರೆ ಕಿಲೋಗ್ರಾಂಗೆ 3.7 ವ್ಯಾಟ್-ಗಂಟೆ. ಸೋಸುಕಾಗದ ಸುಮಾರು 14 ಮಿಲಿಗ್ರಾಂ, ಹೀರಿಕೊಂಡ ದ್ರಾವಣ 40 ಮಿಲಿಗ್ರಾಂ ಎಂದು ಸೇರಿಸಿದರೆ ಒಟ್ಟು ತೂಕ 68 ಮಿಲಿಗ್ರಾಂ ಆಗಿ, ಸಂಖ್ಯೆ 0.75ಕ್ಕೆ ಇಳಿಯುತ್ತದೆ. ಬಿಲ್ಲೆಗಳ ಹಿಂದೆ ಪೂರ್ತಿ ಗ್ರಾಫೈಟ್ ಹಾಳೆ ಇಟ್ಟಿದ್ದರೆ 0.45, ಸ್ಟೀಲ್ ಹಾಳೆ ಇಟ್ಟಿದ್ದರೆ 0.21. ಆಸರೆಯಿಲ್ಲದ ಹಾಳೆಗಾಗಿ ಪಟ್ಟ ಶ್ರಮದ ಫಲ ಈ ಅಂತರದಲ್ಲಿದೆ. ಅಂಚಿನ ಪಟ್ಟಿಯ ತೂಕವನ್ನೂ ಸೇರಿಸಿರಿ. ಪೂರ್ತಿ ಹಾಳೆಯ ಬದಲು ಪಟ್ಟಿ ಬಳಸಿದ್ದರಿಂದ ರೋಧ ಎಷ್ಟು ಏರಿತು ಎಂಬುದನ್ನೂ ಅಳೆದು ಪಕ್ಕದಲ್ಲಿ ಬರೆಯಿರಿ.

ಇದಕ್ಕೆ ಹೋಲಿಸಿ, ಗ್ರಾಫೈಟ್ ಹಾಳೆಗೆ ಚದರ ಸೆಂಟಿಮೀಟರಿಗೆ ಒಂದೇ ಮಿಲಿಗ್ರಾಂ ಬಳಿದು ಗ್ರಾಂಗೆ 200 ಫ್ಯಾರಡ್ ಪಡೆದ ಕೋಶವನ್ನು ಇದೇ ರೀತಿ ತೂಗಿದರೆ ಕಿಲೋಗ್ರಾಂಗೆ 0.2 ವ್ಯಾಟ್-ಗಂಟೆಗಿಂತಲೂ ಕಡಿಮೆ ಬರುತ್ತದೆ. 200 ಎಂಬುದು 117ಕ್ಕಿಂತ ದೊಡ್ಡದು, ಆದರೆ ಸಾಧನ ಮಾತ್ರ ದುರ್ಬಲ. ಮಾರುಕಟ್ಟೆಯಲ್ಲಿ ಸಿಗುವ, ಸಾವಯವ ದ್ರಾವಣ ತುಂಬಿ 2.7 ವೋಲ್ಟಿಗೆ ನಡೆಯುವ ಸೂಪರ್‌ಕೆಪಾಸಿಟರುಗಳು ಕಿಲೋಗ್ರಾಂಗೆ 5 ವ್ಯಾಟ್-ಗಂಟೆಯ ಆಸುಪಾಸಿನಲ್ಲಿವೆ ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು.

ಆಸರೆಯಾಗಿ ಬಳಸುವ ನಿಕ್ಕಲ್ ಫೋಮ್ (ಸ್ಪಂಜಿನಂಥ ರಂಧ್ರಮಯ ನಿಕ್ಕಲ್) ಬಗ್ಗೆ ಒಂದು ಮಾತು. ಕ್ಷಾರೀಯ ದ್ರಾವಣದಲ್ಲಿ ಅದರ ಮೇಲ್ಮೈಯೇ ಉತ್ಕರ್ಷಣಗೊಂಡು ವಿದ್ಯುತ್ ಕೊಡುತ್ತದೆ. ಮೇಲೆ ಬಳಿದ ವಸ್ತು ಕಡಿಮೆಯಿದ್ದಷ್ಟೂ ಫೋಮಿನ ಪಾಲನ್ನು ವಸ್ತುವಿನ ಖಾತೆಗೆ ಬರೆಯುವ ಅಪಾಯ ಹೆಚ್ಚು. ಬಳಸಲೇಬೇಕಾದರೆ ಬರಿಯ ಫೋಮನ್ನೂ ಅದೇ ಕ್ರಮದಲ್ಲಿ ಅಳೆದು ತೋರಿಸಿರಿ.

ವೋಲ್ಟೇಜನ್ನು 1.0ರಿಂದ 1.2, 1.4, 1.6 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಿನಲ್ಲಿ ಚಾರ್ಜಿಗೆ ಹಿಡಿದ ಸಮಯವನ್ನೂ ಡಿಸ್ಚಾರ್ಜಿಗೆ ಹಿಡಿದ ಸಮಯವನ್ನೂ ಹೋಲಿಸಿರಿ. ಡಿಸ್ಚಾರ್ಜಿನ ಸಮಯ ಚಾರ್ಜಿನ ಶೇಕಡ 98ಕ್ಕಿಂತ ಕೆಳಗಿಳಿದ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಹಿಂದೆ ಬಂದು ನಿಲ್ಲುವುದು ನಮ್ಮ ಪದ್ಧತಿ.

ಏಳನೆಯ ಹಂತ: ಬಾಳಿಕೆ

ಗ್ರಾಂಗೆ ಒಂದು ಆಂಪಿಯರ್ ವೇಗದಲ್ಲಿ ಒಂದು ಆವರ್ತನಕ್ಕೆ (ಒಂದು ಚಾರ್ಜ್, ಒಂದು ಡಿಸ್ಚಾರ್ಜ್) ಸುಮಾರು 112 ಸೆಕೆಂಡ್ ಬೇಕಾದರೆ 5000 ಆವರ್ತನಕ್ಕೆ ಆರೂವರೆ ದಿನ ಬೇಕು. ಐದು ಆಂಪಿಯರಿಗೆ ಏರಿಸಿದರೆ ಒಂದು ಹಗಲು ಒಂದು ರಾತ್ರಿಗಿಂತ ತುಸು ಹೆಚ್ಚು. ನಮ್ಮಲ್ಲಿ ಒಮ್ಮೆ ನಾಲ್ಕು ಸಾವಿರ ಆವರ್ತನ ದಾಟಿದ ಪರೀಕ್ಷೆ ರಾತ್ರಿ ಕರೆಂಟ್ ಹೋಗಿ ನಿಂತುಬಿಟ್ಟಿತು. ಅಂದಿನಿಂದ ಅಳತೆಯ ಯಂತ್ರಕ್ಕೂ ಅದರ ಕಂಪ್ಯೂಟರಿಗೂ ಪ್ರತ್ಯೇಕ ಯುಪಿಎಸ್ ಇಟ್ಟು, ಐನೂರು ಆವರ್ತನಕ್ಕೊಮ್ಮೆ ಕಡತ ಉಳಿಸುವಂತೆ ಹೊಂದಿಸಿದ್ದೇವೆ.

ಕೊನೆಯ ಪರೀಕ್ಷೆಗೆ ಯಂತ್ರದ ಅಗತ್ಯವೂ ಅಷ್ಟಾಗಿ ಇಲ್ಲ. ಕೋಶವನ್ನು 1.0 ವೋಲ್ಟಿನಲ್ಲಿ ಒಂದು ಗಂಟೆ ಹಿಡಿದಿಟ್ಟು, ತಂತಿ ಬಿಡಿಸಿ, ಮೊದಲ ಗಂಟೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ವೋಲ್ಟೇಜು ಬರೆದುಕೊಳ್ಳುತ್ತಾ ಒಂದು ದಿನ ಕಾಯಿರಿ. ಮಲ್ಟಿಮೀಟರನ್ನು ಓದುವಾಗ ಮಾತ್ರ ತಾಗಿಸಬೇಕು. ಆರಂಭದಲ್ಲಿ ಬೇಗ ಇಳಿದು ಆಮೇಲೆ ನಿಧಾನವಾದರೆ ರಂಧ್ರಗಳೊಳಗೆ ವಿದ್ಯುದಂಶ ಹಂಚಿಕೆಯಾಗುತ್ತಿದೆ, ಅದು ಸಹಜ. ಗಂಟೆಗಳು ಕಳೆದರೂ ನಿಲ್ಲದೆ ಇಳಿಯುತ್ತಲೇ ಇದ್ದರೆ ಕೋಶ ಬಿಚ್ಚಿ ಎರಡು ಬಿಲ್ಲೆಗಳ ಅಂಚು ಎಲ್ಲಾದರೂ ತಾಗಿದೆಯೇ ಎಂದು ನೋಡಿ. ತಾಗಿಲ್ಲದಿದ್ದರೆ ಋಣ ಬದಿಯ ಬಿಲ್ಲೆಯನ್ನು ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಬಿಸಿಮಾಡಿ, ಸೋಸಿದ ದ್ರವಕ್ಕೆ ಅಮೋನಿಯ ಹನಿಸಿರಿ. ನೀಲಿ ಬಂದರೆ ಆ ಪುಡಿಯನ್ನು ಬದಿಗಿಟ್ಟು, ಹೊಸ ಕಡ್ಡಿಯ ತೊಗಟೆ ಸುಲಿಯುವುದರಿಂದ ಕೆಲಸವನ್ನು ಮತ್ತೆ ಆರಂಭಿಸಬೇಕು.